ಬಾಡಿಗೆ ಕಟ್ಟಡ: ಆಡಿದ ಮಾತಿಗೆ ಹೊಣೆ ಯಾರು?

ರಾಮನಗರದ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ಹರಾಜಿನ ಹೊತ್ತಿಗೆ ನಿಂತು ನೋಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಬೆಲೆ ನಮೂದಿಸುವ ಮುನ್ನ ನಮ್ಮ ರೀಲರ್ ಬಂಧುಗಳು ಗೂಡನ್ನು ಕೈಗೆತ್ತಿಕೊಂಡು, ಅದುಮಿ, ಅಲ್ಲಾಡಿಸಿ, ಬಣ್ಣ ನೋಡಿ, ಅದರಲ್ಲಿ ಎಷ್ಟು ನೂಲು ಬಂದೀತೆಂದು ಅಂದಾಜು ಮಾಡುತ್ತಾರೆ. ಚನ್ನಪಟ್ಟಣದ ಗೊಂಬೆ ತಯಾರಕರು ಆಲೆಮರದ ತುಂಡು ಒಣಗಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸದೆ ಹಣ ಎಣಿಸುವುದಿಲ್ಲ. ಕೆಲವು ಸಾವಿರ ರೂಪಾಯಿಗಳ ಸರಕಿನ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ಇದೇ ವರ್ತಕ ಸಮುದಾಯ, ಲಕ್ಷಾಂತರ ರೂಪಾಯಿ ಮುಂಗಡ ಕೊಟ್ಟು ಮಳಿಗೆಯನ್ನೋ ಶೆಡ್ಡನ್ನೋ ಬಾಡಿಗೆಗೆ ಪಡೆಯುವಾಗ ಮಧ್ಯವರ್ತಿಯ ಬಾಯಿಮಾತನ್ನು ನಂಬಿ ಸಹಿ ಹಾಕುತ್ತದೆ. ಕಟ್ಟಡದ ಬಗ್ಗೆ ಹೇಳಿದ ಮಾತು ಸುಳ್ಳೆಂದು ತಿಳಿಯುವ ವೇಳೆಗೆ ಯಂತ್ರಗಳು ನೆಲಕ್ಕೆ ಬೋಲ್ಟ್ ಆಗಿರುತ್ತವೆ.

ಸುಳ್ಳು ಹೇಳಿ ಬಾಡಿಗೆಗೆ ಕೊಟ್ಟ ಮಾಲೀಕರ ವಿರುದ್ಧ ಬಾಡಿಗೆದಾರನಿಗೆ ಕಾನೂನಿನ ರಕ್ಷಣೆ ಇಲ್ಲವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಈ ಭಾವನೆ ಸರಿಯಲ್ಲ. ರಕ್ಷಣೆ ಇದೆ, ಅದೂ ನೂರೈವತ್ತು ವರ್ಷಗಳಷ್ಟು ಹಳೆಯದು. ಆದರೆ ಆ ರಕ್ಷಣೆ ಬರಹದಲ್ಲಿ ಎಚ್ಚರ ವಹಿಸಿದವನಿಗೆ ಮತ್ತು ಸಕಾಲದಲ್ಲಿ ಬಾಯಿ ತೆರೆದವನಿಗೆ ಮಾತ್ರ ಪೂರ್ಣವಾಗಿ ಒದಗುತ್ತದೆ. ಈ ಎರಡೂ ಗುಣಗಳು ನಮ್ಮಲ್ಲಿ ಕಡಿಮೆ ಎಂಬುದೇ ಈ ಲೇಖನಕ್ಕೆ ಕಾರಣ.

ಒಂದು ಅನುಭವ

ನನ್ನ ಕಕ್ಷಿದಾರರೊಬ್ಬರು ರೇಷ್ಮೆ ಹುರಿ ಮಾಡುವ ಸಣ್ಣ ಘಟಕ ಆರಂಭಿಸಲು ನಮ್ಮ ಭಾಗದ ಒಂದು ಪಟ್ಟಣದ ಅಂಚಿನಲ್ಲಿ ಶೆಡ್ಡೊಂದನ್ನು ಪಡೆದರು. ತಿಂಗಳಿಗೆ 30,000 ರೂಪಾಯಿ ಬಾಡಿಗೆ, 5 ಲಕ್ಷ ರೂಪಾಯಿ ಮುಂಗಡ. ಜಾಗ ಕೈಗಾರಿಕಾ ಉದ್ದೇಶಕ್ಕೆ ಭೂಪರಿವರ್ತನೆಯಾಗಿದೆ, ಕೈಗಾರಿಕಾ ವಿದ್ಯುತ್ ಸಂಪರ್ಕವಿದೆ, ಐದು ವರ್ಷ ಯಾರೂ ಬಿಡಿಸುವುದಿಲ್ಲ ಎಂದು ಮಾಲೀಕರು ಹೇಳಿದ್ದರಂತೆ. ಕರಾರು ಪತ್ರ ಮಾತ್ರ ಹನ್ನೊಂದು ತಿಂಗಳದ್ದು. ಅದರಲ್ಲಿ ಈ ಮೂರು ಮಾತುಗಳಲ್ಲಿ ಒಂದೂ ಇರಲಿಲ್ಲ. ನೆಲಹಾಸು ಹಾಗೂ ತಂತಿ ಜೋಡಣೆಗೆ ಅವರು ಸುಮಾರು 4 ಲಕ್ಷ ವೆಚ್ಚ ಮಾಡಿದರು. ಹೆಚ್ಚುವರಿ ವಿದ್ಯುತ್ ಭಾರಕ್ಕೆ ಅರ್ಜಿ ಹಾಕಿದಾಗ ತಿಳಿದದ್ದು ಇಷ್ಟು: ಸಂಪರ್ಕ ಗೃಹಬಳಕೆಯದು, ಜಮೀನು ದಾಖಲೆಯಲ್ಲಿ ಇನ್ನೂ ಕೃಷಿ ಭೂಮಿ.

ಆಗಲೂ ಅವರು ಮಾಲೀಕರ ಮಾತು ನಂಬಿ, "ಇನ್ನೆರಡು ತಿಂಗಳಲ್ಲಿ ಸರಿಮಾಡಿಸಿ ಕೊಡುತ್ತೇನೆ" ಎಂಬ ಭರವಸೆಯ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬಾಡಿಗೆ ಕಟ್ಟುತ್ತಾ ಹೋದರು. ಕೊನೆಗೆ ನೋಟೀಸು ಕಳುಹಿಸಿದಾಗ ಎದುರು ಪಕ್ಷದ ವಕೀಲರು ಎರಡು ಮಾತು ಕೇಳಿದರು. ಕೈಗಾರಿಕಾ ಸಂಪರ್ಕವಿದೆಯೆಂದು ನಮ್ಮ ಕಕ್ಷಿದಾರರು ಹೇಳಿದ್ದಕ್ಕೆ ಸಾಕ್ಷ್ಯವೇನು? ಅವರು ಹೇಳದೆ ಮುಚ್ಚಿಟ್ಟರೆನ್ನುವುದಾದರೆ, ನಿಮ್ಮ ಜಿಎಸ್‌ಟಿ ಅರ್ಜಿಯೊಂದಿಗೆ ನೀವೇ ಲಗತ್ತಿಸಿದ ವಿದ್ಯುತ್ ಬಿಲ್ಲಿನಲ್ಲಿ ಗೃಹಬಳಕೆ ಎಂದು ಮುದ್ರಿತವಾಗಿತ್ತಲ್ಲವೇ?

ಆ ಅರ್ಜಿಯನ್ನು ಸಿದ್ಧಪಡಿಸಿದವನು ನಾನೇ. ವಿಳಾಸದ ಪುರಾವೆಯೆಂದು ಆ ಬಿಲ್ಲನ್ನು ಲಗತ್ತಿಸಿದೆ. ಅದರಲ್ಲಿ ವಿಳಾಸವನ್ನಷ್ಟೇ ನೋಡಿದೆ. ಮಂಜೂರಾದ ಭಾರ ಮತ್ತು ದರದ ವರ್ಗ ಎರಡೂ ಅದೇ ಹಾಳೆಯಲ್ಲಿದ್ದವು. ಒಂದು ನಿಮಿಷ ಓದಿದ್ದರೆ ಯಂತ್ರಗಳು ಬರುವ ಮುನ್ನವೇ ವಿಷಯ ತಿಳಿಯುತ್ತಿತ್ತು. ಕೊನೆಗೆ ರಾಜಿಯಲ್ಲಿ 3 ಲಕ್ಷ ಮುಂಗಡ ಹಿಂದಿರುಗಿತು. ಉಳಿದ 2 ಲಕ್ಷವೂ ಕಟ್ಟಡದ ಮೇಲೆ ಹಾಕಿದ ಹಣವೂ ಹೋದವು. ವೃತ್ತಿಯಲ್ಲಿರುವ ನಮ್ಮಂಥವರ ಪಾಲೂ ಈ ನಷ್ಟದಲ್ಲಿದೆ ಎಂದು ಒಪ್ಪಿಕೊಂಡೇ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

ಯಾವ ಕಾಯಿದೆ ಅನ್ವಯಿಸುತ್ತದೆ?

ಬಾಡಿಗೆ ಎಂದೊಡನೆ ನಮ್ಮವರು ಬಾಡಿಗೆ ಕಾಯಿದೆಯನ್ನು ನೆನೆಯುತ್ತಾರೆ. 1961 ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ಬಂದ ಕರ್ನಾಟಕ ಬಾಡಿಗೆ ಕಾಯಿದೆ, 1999, ದಿನಾಂಕ 31-12-2001 ರಿಂದ ಜಾರಿಯಲ್ಲಿದೆ. ಆದರೆ 14 ಚದರ ಮೀಟರಿಗಿಂತ, ಅಂದರೆ ಸುಮಾರು 150 ಚದರ ಅಡಿಗಿಂತ ಹೆಚ್ಚು ವಿಸ್ತೀರ್ಣದ ವಾಣಿಜ್ಯ ಕಟ್ಟಡಗಳನ್ನು ಈ ಕಾಯಿದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಬಾಡಿಗೆಯ ಮೊತ್ತದ ಮೇಲೂ ಮಿತಿಯಿದೆ. ಹೀಗಾಗಿ ಸಣ್ಣ ಪೆಟ್ಟಿಗೆ ಅಂಗಡಿಗಳನ್ನು ಬಿಟ್ಟರೆ ನಮ್ಮ ಸದಸ್ಯರ ಮಳಿಗೆ, ಗೋದಾಮು, ಶೆಡ್ಡುಗಳಿಗೆ ಬಾಡಿಗೆ ಕಾಯಿದೆಯ ಆಶ್ರಯವಿಲ್ಲ.

ಗ್ರಾಹಕ ಆಯೋಗದ ಬಾಗಿಲೂ ಸಾಮಾನ್ಯವಾಗಿ ನಮಗೆ ತೆರೆಯುವುದಿಲ್ಲ. ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸೇವೆಯನ್ನು 2019 ರ ಗ್ರಾಹಕ ಸಂರಕ್ಷಣಾ ಕಾಯಿದೆ ಹೊರಗಿಟ್ಟಿದೆ. ಉಳಿಯುವುದು ಎರಡು ಹಳೆಯ ಕಾಯಿದೆಗಳು: 1872 ರ ಭಾರತೀಯ ಕರಾರು ಕಾಯಿದೆ ಮತ್ತು 1882 ರ ಸ್ವತ್ತು ವರ್ಗಾವಣೆ ಕಾಯಿದೆ. ಇವೆರಡರಲ್ಲಿ ನಮಗೆ ಬೇಕಾದ ಕಲಮುಗಳು ಐದಾರು ಮಾತ್ರ. ಅವುಗಳನ್ನು ವರ್ತಕರೇ ತಿಳಿದುಕೊಳ್ಳುವುದು ಕಷ್ಟವೇನಲ್ಲ.

ಸುಳ್ಳು ಯಾವುದು, ನಿರೀಕ್ಷೆ ಯಾವುದು?

ಕರಾರು ಕಾಯಿದೆಯ 17 ನೇ ಕಲಮು ವಂಚನೆಯನ್ನೂ 18 ನೇ ಕಲಮು ತಪ್ಪು ನಿರೂಪಣೆಯನ್ನೂ ವಿವರಿಸುತ್ತವೆ. ಸುಳ್ಳೆಂದು ಗೊತ್ತಿದ್ದೂ, ಎದುರಿನವನನ್ನು ಒಪ್ಪಿಸುವ ಉದ್ದೇಶದಿಂದ ಹೇಳಿದರೆ ಅದು ವಂಚನೆ. ನಿಜವೆಂದೇ ನಂಬಿ, ಆದರೆ ಹಾಗೆ ಖಚಿತವಾಗಿ ಹೇಳಲು ಆಧಾರವಿಲ್ಲದೆ ಹೇಳಿದ್ದು ಸುಳ್ಳಾದರೆ ಅದು ತಪ್ಪು ನಿರೂಪಣೆ. ಎರಡರಲ್ಲಿ ಯಾವುದರಿಂದ ಒಪ್ಪಿಗೆ ಪಡೆದಿದ್ದರೂ, 19 ನೇ ಕಲಮಿನ ಪ್ರಕಾರ ಮೋಸಹೋದ ಪಕ್ಷ ಆ ಕರಾರನ್ನು ರದ್ದುಪಡಿಸಬಹುದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹೇಳಿಕೆ ವಾಸ್ತವಾಂಶದ ಬಗ್ಗೆ ಇರಬೇಕು. ಇದಕ್ಕೆ ನಮ್ಮ ಹೆದ್ದಾರಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ. 12 ಮಾರ್ಚ್ 2023 ರಂದು ಬೆಂಗಳೂರು–ಮೈಸೂರು ಹೆದ್ದಾರಿ ಲೋಕಾರ್ಪಣೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳ ಒಳಗೆ ಹಾದುಹೋಗುತ್ತಿದ್ದ ವಾಹನಗಳು ಬೈಪಾಸ್ ಹಿಡಿದವು. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳು, ಹೋಟೆಲುಗಳು, ಹಣ್ಣಿನ ಮಳಿಗೆಗಳು ಅನುಭವಿಸಿದ ವ್ಯಾಪಾರದ ಕುಸಿತವನ್ನು ನಾವೆಲ್ಲ ಕಂಡಿದ್ದೇವೆ. "ಮೈಸೂರಿಗೆ ಹೋಗುವವರೆಲ್ಲ ನಿಮ್ಮ ಅಂಗಡಿಯ ಮುಂದೆಯೇ ಹೋಗಬೇಕು" ಎಂಬ ಮಾತು ಕೇಳಿ ಹೆಚ್ಚಿನ ಬಾಡಿಗೆಗೆ ಒಪ್ಪಿದ್ದ ಕೆಲವರು, ಇದು ತಪ್ಪು ನಿರೂಪಣೆಯಲ್ಲವೇ ಎಂದು ನನ್ನನ್ನು ಕೇಳಿದ್ದರು.

ನನ್ನ ಅಭಿಪ್ರಾಯದಲ್ಲಿ ಸಾಮಾನ್ಯವಾಗಿ ಅಲ್ಲ. ಹೇಳಿದ ದಿನ ಆ ಮಾತು ನಿಜವಾಗಿತ್ತು. ಮುಂದೆಯೂ ಹಾಗೆಯೇ ಇರುತ್ತದೆಂಬುದು ನಿರೀಕ್ಷೆ. ಬೈಪಾಸ್ ಕಾಮಗಾರಿ ಎಲ್ಲರ ಕಣ್ಣೆದುರಿಗೆ ವರ್ಷಗಟ್ಟಲೆ ನಡೆಯಿತು. ಕರಾರಿನ ಉದ್ದೇಶವೇ ವಿಫಲವಾಯಿತು ಎಂಬ ವಾದಕ್ಕೂ ಹೆಚ್ಚು ಬಲವಿಲ್ಲ. ಕರಾರು ಕಾಯಿದೆಯ 56 ನೇ ಕಲಮು ಈಗಾಗಲೇ ಜಾರಿಗೆ ಬಂದ ಗುತ್ತಿಗೆಗೆ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1968 ರಷ್ಟು ಹಿಂದೆಯೇ ತೀರ್ಪಿತ್ತಿದೆ. ಅಂಥವರಿಗೆ ಉಳಿದದ್ದು ಬಾಡಿಗೆ ಇಳಿಕೆಗೆ ಮಾತುಕತೆ, ಇಲ್ಲವೇ ಕರಾರಿನಂತೆ ನೋಟೀಸು ಕೊಟ್ಟು ಬಿಡುವುದು.

ಆದರೆ ಅದೇ ಮಾಲೀಕರು "ಈ ಜಾಗದ ಪಕ್ಕದಲ್ಲೇ ಹೊಸ ಹೆದ್ದಾರಿಗೆ ಇಳಿದಾರಿ ಮಂಜೂರಾಗಿದೆ" ಎಂದು ಹೇಳಿ, ಅಂಥ ಮಂಜೂರಾತಿಯೇ ಇಲ್ಲದಿದ್ದರೆ ಅದು ವಾಸ್ತವಾಂಶದ ಸುಳ್ಳು. ಮೇ 2025 ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಲು ಸರ್ಕಾರ ನಿರ್ಧರಿಸಿದ ಮೇಲೆ ಮಧ್ಯವರ್ತಿಗಳ ಮಾತಿನ ಹರಿವು ಹೆಚ್ಚಿದೆ. "ಇನ್ನು ಇಲ್ಲಿ ಬೆಲೆ ಏರುತ್ತದೆ" ಎನ್ನುವುದು ಅಭಿಪ್ರಾಯ. "ಈ ಸರ್ವೆ ನಂಬರಿಗೆ ಪರಿವರ್ತನೆ ಆದೇಶವಾಗಿದೆ" ಎನ್ನುವುದು ವಾಸ್ತವಾಂಶ. ಮೊದಲನೆಯದನ್ನು ಕೇಳಿ ಸುಮ್ಮನಾಗಬಹುದು, ಎರಡನೆಯದನ್ನು ಬರೆಸಿಕೊಳ್ಳಬೇಕು.

ಮಾಲೀಕರ ಮೌನ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಕಟ್ಟಡ ಮಾಲೀಕರಿಗೆ ಎಲ್ಲ ಸಂದರ್ಭಗಳಲ್ಲೂ ಅನ್ವಯಿಸುವುದಿಲ್ಲ. ಸ್ವತ್ತು ವರ್ಗಾವಣೆ ಕಾಯಿದೆಯ 108 ನೇ ಕಲಮಿನ (ಎ) ಖಂಡ ಹೀಗೆ ವಿಧಿಸುತ್ತದೆ: ಬಾಡಿಗೆದಾರ ಯಾವ ಉಪಯೋಗಕ್ಕಾಗಿ ಸ್ವತ್ತನ್ನು ಪಡೆಯುತ್ತಿದ್ದಾನೋ ಆ ಉಪಯೋಗಕ್ಕೆ ಸಂಬಂಧಿಸಿದ ಮುಖ್ಯ ದೋಷವೇನಾದರೂ ಇದ್ದು, ಅದು ಮಾಲೀಕನಿಗೆ ಗೊತ್ತಿದ್ದು, ಬಾಡಿಗೆದಾರನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂತಿದ್ದರೆ, ಮಾಲೀಕ ಅದನ್ನು ತಾನಾಗಿಯೇ ತಿಳಿಸಬೇಕು. ಬೇರೆ ಕರಾರಿಲ್ಲದಿದ್ದಾಗ ಇದು ಮಾಲೀಕನ ಹೊಣೆ. ಮಾತನಾಡುವ ಕರ್ತವ್ಯವಿರುವಲ್ಲಿ ಮೌನವೂ ವಂಚನೆಯಾಗಬಲ್ಲದು ಎಂಬುದನ್ನು ಕರಾರು ಕಾಯಿದೆಯ 17 ನೇ ಕಲಮಿನ ವಿವರಣೆ ಒಪ್ಪುತ್ತದೆ.

ಆಗಸ್ಟ್ 2022 ರ ಕೊನೆಯ ವಾರದ ಮಳೆಯನ್ನು ರಾಮನಗರದವರು ಮರೆತಿಲ್ಲ. ಹೆದ್ದಾರಿಯ ಮೇಲೆಯೇ ನೀರು ನಿಂತು ವಾಹನಗಳು ಮುಳುಗಿದವು. ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಅಂದು ಆಳೆತ್ತರ ನೀರು ನಿಂತಿದ್ದ ಒಂದು ಗೋದಾಮಿಗೆ ಸುಣ್ಣಬಣ್ಣ ಬಳಿದು, ಇಂದು ಬೇರೆ ಊರಿನಿಂದ ಬಂದ ವರ್ತಕನಿಗೆ ರೇಷ್ಮೆ ನೂಲು ಸಂಗ್ರಹಿಸಲು ಬಾಡಿಗೆಗೆ ಕೊಟ್ಟರೆ ಆ ದೋಷ ಕಣ್ಣಿಗೆ ಕಾಣುವಂಥದ್ದಲ್ಲ. ಮಾಲೀಕ ಹೇಳಲೇಬೇಕು. ಆದರೆ ಅದೇ ಗೋದಾಮನ್ನು ಅದೇ ಬೀದಿಯಲ್ಲಿ ಹತ್ತು ವರ್ಷದಿಂದ ವ್ಯಾಪಾರ ಮಾಡುತ್ತಿರುವವರು ಪಡೆದರೆ, ತನಗೆ ಗೊತ್ತಿರಲಿಲ್ಲ ಎಂದು ಅವರು ವಾದಿಸುವುದು ಕಷ್ಟ.

ಇಲ್ಲಿಯೇ 19 ನೇ ಕಲಮಿನ ಅಪವಾದವನ್ನು ತಿಳಿಯುವುದು ಅಗತ್ಯ. ತಪ್ಪು ನಿರೂಪಣೆ ಅಥವಾ ಮೌನದ ಮೂಲಕ ನಡೆದ ವಂಚನೆಯ ವಿಷಯದಲ್ಲಿ, ಸಾಮಾನ್ಯ ಶ್ರದ್ಧೆಯಿಂದ ಸತ್ಯವನ್ನು ಕಂಡುಕೊಳ್ಳುವ ಮಾರ್ಗ ಬಾಡಿಗೆದಾರನಿಗೆ ಇದ್ದಿದ್ದರೆ ಅವನು ಕರಾರನ್ನು ರದ್ದುಪಡಿಸಲಾರ. ಗೊತ್ತಿದ್ದೂ ಬಾಯಿಬಿಟ್ಟು ಹೇಳಿದ ಸುಳ್ಳಿಗೆ ಈ ಅಪವಾದ ರಕ್ಷಣೆ ಕೊಡುವುದಿಲ್ಲ. ನನ್ನ ಕಕ್ಷಿದಾರರು ಸಿಕ್ಕಿಕೊಂಡದ್ದು ಇದೇ ಎರಡರ ನಡುವೆ. ಬಾಯಿಮಾತಿನ ಸುಳ್ಳನ್ನು ಸಾಬೀತುಪಡಿಸಲು ಬರಹವಿರಲಿಲ್ಲ. ಮೌನವೆಂದು ವಾದಿಸಿದರೆ ಬಿಲ್ಲು ಎದುರಿಗಿತ್ತು.

ಇಂದು ಸಾಮಾನ್ಯ ಶ್ರದ್ಧೆ ಎಂಬ ಮಾತಿನ ಅರ್ಥವೂ ವಿಸ್ತಾರವಾಗಿದೆ. ಪಹಣಿಯನ್ನು ಭೂಮಿ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ನೋಡಬಹುದು. ಋಣಭಾರ ಪ್ರಮಾಣಪತ್ರವನ್ನು ಕಾವೇರಿ ವ್ಯವಸ್ಥೆಯಿಂದ ಮನೆಯಲ್ಲೇ ಕುಳಿತು ಪಡೆಯಬಹುದು. ಬಿಡದಿಯ ಸುತ್ತ ಹೊಸ ಉಪನಗರಕ್ಕಾಗಿ 2025 ರಲ್ಲಿ ಹೊರಟ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆಯಂಥವು ಸಾರ್ವಜನಿಕ ದಾಖಲೆಗಳು. ಇಷ್ಟೆಲ್ಲ ಸುಲಭವಾಗಿ ದೊರೆಯುವಾಗ "ನಮಗೆ ಗೊತ್ತಾಗಲಿಲ್ಲ" ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆಯಾಗುತ್ತಲೇ ಹೋಗುತ್ತದೆ.

ಮೋಸ ತಿಳಿದ ಮೇಲೆ ಏನು ಮಾಡಬೇಕು?

ಕಾನೂನು ಬಾಡಿಗೆದಾರನ ಮುಂದೆ ಎರಡು ದಾರಿಗಳನ್ನಿಡುತ್ತದೆ. ಮೊದಲನೆಯದು ಕರಾರನ್ನು ರದ್ದುಪಡಿಸುವುದು. ಆಗ ಕಟ್ಟಡದ ಸ್ವಾಧೀನವನ್ನು ಹಿಂದಿರುಗಿಸಬೇಕು, ಪಡೆದ ಲಾಭವನ್ನೂ ಮರಳಿಸಬೇಕು. ಮುಂಗಡವನ್ನು ಮರಳಿ ಕೇಳಬಹುದು. ನ್ಯಾಯಯುತವಾಗಿ ರದ್ದುಪಡಿಸಿದವನಿಗೆ ಆದ ನಷ್ಟಕ್ಕೆ ಪರಿಹಾರ ಕೇಳುವ ಹಕ್ಕನ್ನು ಕರಾರು ಕಾಯಿದೆಯ 75 ನೇ ಕಲಮು ಕೊಟ್ಟಿದೆ. ಎರಡನೆಯದು, ಕರಾರನ್ನು ಉಳಿಸಿಕೊಂಡೇ, ಹೇಳಿದ ಮಾತು ನಿಜವಾಗಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಗೆ ತನ್ನನ್ನು ತರಬೇಕೆಂದು ಒತ್ತಾಯಿಸುವುದು. ಕೈಗಾರಿಕಾ ಸಂಪರ್ಕ ಕೊಡಿಸಿ, ಇಲ್ಲವೇ ಅದರ ವೆಚ್ಚ ಭರಿಸಿ ಎಂದು ಕೇಳುವುದು ಈ ಬಗೆಯದು. ಯಂತ್ರಗಳನ್ನು ಕೂರಿಸಿದ ಮೇಲೆ ಅನೇಕರಿಗೆ ಇದೇ ಅನುಕೂಲ.

ಯಾವ ದಾರಿಯಾದರೂ ಕೂಡಲೇ ಆರಿಸಬೇಕು. ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳಿದ್ದು ಸಂಸಾರಕ್ಕೆ ಸರಿ. ಕರಾರಿನ ವಿಷಯದಲ್ಲಿ ಸತ್ಯ ತಿಳಿದ ಮೇಲೂ ಆಕ್ಷೇಪವಿಲ್ಲದೆ ತಾಳಿಕೊಂಡವನು ಆ ಕರಾರನ್ನು ಒಪ್ಪಿಕೊಂಡಂತೆ ಪರಿಗಣಿತನಾಗುತ್ತಾನೆ. ಅಂಥವನಿಗೆ ರದ್ದತಿಯ ಪರಿಹಾರವನ್ನು ನ್ಯಾಯಾಲಯ ನಿರಾಕರಿಸಬಹುದೆಂದು 1963 ರ ನಿರ್ದಿಷ್ಟ ಪರಿಹಾರ ಕಾಯಿದೆಯ 27 ನೇ ಕಲಮು ಹೇಳುತ್ತದೆ. ದಾವೆಗೆ ಸತ್ಯ ತಿಳಿದಂದಿನಿಂದ ಮೂರು ವರ್ಷಗಳ ಕಾಲಮಿತಿ ಇದೆ ಎಂಬುದು ನಿಜ. ಆದರೆ ಆ ಮೂರು ವರ್ಷ ದಾವೆ ಹೂಡುವುದಕ್ಕೆ, ಮೌನವಾಗಿರುವುದಕ್ಕಲ್ಲ. ತಿಳಿದ ವಾರದೊಳಗೆ ಒಂದು ಹಾಳೆಯ ಪತ್ರವನ್ನು ಅಂಚೆಯಲ್ಲಿ ಕಳುಹಿಸುವುದು, ಬಾಡಿಗೆ ಕಟ್ಟುವುದಾದರೆ "ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಪಾವತಿಸಿದೆ" ಎಂದು ಬರೆದು ಕಟ್ಟುವುದು, ಇವೆರಡು ಮಾಡಿದ್ದರೆ ಮೇಲೆ ಹೇಳಿದ ಪ್ರಕರಣ ಬೇರೆ ರೀತಿಯಲ್ಲಿ ಕೊನೆಗೊಳ್ಳುತ್ತಿತ್ತೆಂದು ನನ್ನ ನಂಬಿಕೆ.

ಮಾಡಬಾರದ ಒಂದು ಕೆಲಸವೂ ಇದೆ. ಕೋಪದಿಂದ ಬಾಡಿಗೆ ನಿಲ್ಲಿಸಿ ಕಟ್ಟಡದಲ್ಲೇ ಮುಂದುವರಿಯುವುದು. ಆಗ ಮೋಸಹೋದವನೇ ಬಾಕಿದಾರನಾಗುತ್ತಾನೆ, ಒಕ್ಕಲೆಬ್ಬಿಸಲು ಮಾಲೀಕನಿಗೆ ಸುಲಭ ಕಾರಣ ಸಿಗುತ್ತದೆ. ಮಾಲೀಕ ಮಾಡಿಕೊಡಲೇಬೇಕಾದ ದುರಸ್ತಿಯನ್ನು ನೋಟೀಸು ಕೊಟ್ಟರೂ ಮಾಡದಿದ್ದರೆ, ತಾನೇ ಮಾಡಿಸಿ ಆ ಹಣವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳುವ ಹಕ್ಕು 108 ನೇ ಕಲಮಿನಲ್ಲಿದೆ. ಅದು ನೋಟೀಸು ಮತ್ತು ರಸೀದಿ ಇದ್ದವರಿಗೆ ದೊರೆಯುವ ಹಕ್ಕು. ಇನ್ನು ಮಾಲೀಕ ತಾನೇ ಬೀಗ ಜಡಿದು ಯಂತ್ರಗಳನ್ನು ಹಿಡಿದಿಟ್ಟರೆ, ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯಿದೆಯ 6 ನೇ ಕಲಮಿನಡಿ ಸ್ವಾಧೀನ ಮರಳಿ ಕೇಳಬಹುದು. ನ್ಯಾಯಾಲಯದ ಆದೇಶವಿಲ್ಲದೆ ಬಾಡಿಗೆದಾರನನ್ನು ಹೊರಹಾಕುವ ಅಧಿಕಾರ ಯಾವ ಮಾಲೀಕನಿಗೂ ಇಲ್ಲ.

ಹನ್ನೊಂದು ತಿಂಗಳ ಕಾಗದ

ನಮ್ಮ ಎಲ್ಲ ತಾಲ್ಲೂಕುಗಳಲ್ಲಿ ಹನ್ನೊಂದು ತಿಂಗಳ ಕರಾರು ಒಂದು ಸಂಪ್ರದಾಯವೇ ಆಗಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂಬ 107 ನೇ ಕಲಮಿನಿಂದ ತಪ್ಪಿಸಿಕೊಳ್ಳುವ ಉಪಾಯವಿದು. ಐದು ವರ್ಷವೆಂದು ಬಾಯಲ್ಲಿ ಹೇಳಿ ಹನ್ನೊಂದು ತಿಂಗಳೆಂದು ಕಾಗದದಲ್ಲಿ ಬರೆಯುವುದು, ಅಥವಾ ಐದು ವರ್ಷವೆಂದೇ ಬರೆದು ನೋಂದಾಯಿಸದಿರುವುದು, ಎರಡರ ಫಲವೂ ಒಂದೇ. ನೋಂದಣಿಯಿಲ್ಲದ ಐದು ವರ್ಷದ ಗುತ್ತಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿ ಮಾತ್ರ ಉಳಿಯುತ್ತದೆಂದು ಸರ್ವೋಚ್ಚ ನ್ಯಾಯಾಲಯ 2000 ದಲ್ಲಿ ಹೇಳಿದೆ.

ಸಣ್ಣ ಕೈಗಾರಿಕೆಯವರಿಗೆ ಇದರಿಂದ ಇನ್ನೊಂದು ನಷ್ಟವಿದೆ. ತಯಾರಿಕಾ ಉದ್ದೇಶದ ಬಾಡಿಗೆಯನ್ನು ವರ್ಷದಿಂದ ವರ್ಷಕ್ಕೆ ನಡೆಯುವುದೆಂದು ಭಾವಿಸಿ, ಆರು ತಿಂಗಳ ನೋಟೀಸಿನ ರಕ್ಷಣೆಯನ್ನು 106 ನೇ ಕಲಮು ಕೊಟ್ಟಿದೆ. ಇತರ ಉದ್ದೇಶಗಳಿಗೆ ಕೇವಲ ಹದಿನೈದು ದಿನ. ಆದರೆ ನೋಂದಾಯಿತ ಪತ್ರವಿಲ್ಲದಿದ್ದರೆ ತಯಾರಕನಿಗೂ ಆರು ತಿಂಗಳ ಲಾಭ ದೊರೆಯದೆಂದು 2001 ರಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು. ಬಾಯ್ಲರು, ಬೇಸಿನ್ನು, ಹುರಿಯಂತ್ರಗಳನ್ನು ಹದಿನೈದು ದಿನಗಳಲ್ಲಿ ಕಿತ್ತು ಬೇರೆಡೆ ಕೂರಿಸಲು ಸಾಧ್ಯವೇ? ನೋಂದಣಿ ಶುಲ್ಕದಲ್ಲಿ ಉಳಿಸಿದ ಕೆಲವು ಸಾವಿರಕ್ಕೆ ನಾವು ತೆರುವ ಬೆಲೆ ಇದು. ಸೂಕ್ತ ಮುದ್ರಾಂಕವಿಲ್ಲದ ಪತ್ರವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾದರೆ ಕೊರತೆಯ ಶುಲ್ಕದೊಂದಿಗೆ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕೆಂಬುದನ್ನು ಇದರೊಂದಿಗೆ ಸೇರಿಸಿಕೊಳ್ಳಬೇಕು.

ಮುಚ್ಚಿಟ್ಟ ಅಡಮಾನ

ಎಲ್ಲಕ್ಕಿಂತ ಅಪಾಯಕಾರಿಯಾದ ಮೌನವೆಂದರೆ ಬ್ಯಾಂಕಿನ ಸಾಲದ ಬಗ್ಗೆ ಮಾಲೀಕ ವಹಿಸುವ ಮೌನ. ಕಟ್ಟಡ ಅಡಮಾನದಲ್ಲಿದ್ದು ಸಾಲ ಸುಸ್ತಿಯಾದರೆ, 2002 ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು ಸ್ವಾಧೀನಕ್ಕೆ ಬರುತ್ತದೆ. ಅಡಮಾನಕ್ಕೆ ಮುಂಚೆಯೇ ಕಾನೂನುಬದ್ಧವಾಗಿ ಆರಂಭವಾದ ಬಾಡಿಗೆಗೆ ರಕ್ಷಣೆಯಿದೆ. ಅಡಮಾನವಾದ ಮೇಲೆ ಮಾಡಿಕೊಂಡ ಬಾಡಿಗೆಗೆ 65-ಎ ಕಲಮಿನ ಷರತ್ತುಗಳು ಅನ್ವಯಿಸುತ್ತವೆ; ಕಟ್ಟಡದ ಗುತ್ತಿಗೆ ಮೂರು ವರ್ಷ ಮೀರುವಂತಿಲ್ಲ, ಅಡಮಾನ ಪತ್ರದಲ್ಲಿ ನಿರ್ಬಂಧವಿದ್ದರೆ ಅದೂ ಇಲ್ಲ. ನೋಂದಣಿಯಿಲ್ಲದ, ಬಾಯಿಮಾತಿನ ಬಾಡಿಗೆದಾರ ಒಂದು ವರ್ಷಕ್ಕೆ ಮೀರಿದ ಹಕ್ಕನ್ನು ಬ್ಯಾಂಕಿನೆದುರು ಸಾಧಿಸಲಾರನೆಂದು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕಕ್ಷಿಯಾಗಿದ್ದ 2019 ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆಗ ಮುಂಗಡವನ್ನು ಕೇಳಬೇಕಾದ್ದು ಸಾಲದಲ್ಲಿ ಮುಳುಗಿದ ಮಾಲೀಕನನ್ನೇ.

ನಮ್ಮಲ್ಲಿ ಬಳಕೆಯಲ್ಲಿರುವ ಭೋಗ್ಯದ ಪದ್ಧತಿಯಲ್ಲಿ ಈ ಅಪಾಯ ಇಮ್ಮಡಿ. ತಿಂಗಳ ಬಾಡಿಗೆಯಿಲ್ಲದೆ ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಡುವವರು, ಆ ಪತ್ರವನ್ನು ನೋಂದಾಯಿಸದಿದ್ದರೆ, ತಮ್ಮ ಇಡೀ ಮೊತ್ತವನ್ನು ಮಾಲೀಕನ ಪ್ರಾಮಾಣಿಕತೆಯ ಮೇಲೆ ಇಟ್ಟಂತೆ. ಹಕ್ಕುಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಮಾಡಿದ ಅಡಮಾನ ಋಣಭಾರ ಪತ್ರದಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಸಿಇಆರ್‌ಎಸ್‌ಎಐ ಎಂಬ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲೂ ಅಲ್ಪ ಶುಲ್ಕ ಕಟ್ಟಿ ಹುಡುಕಿಸುವುದು ಒಳ್ಳೆಯದು.

ತೆರಿಗೆಯ ಮಾತು

"ಎಲ್ಲ ಸೇರಿ ಇಷ್ಟೇ ಬಾಡಿಗೆ" ಎಂಬ ಮಾತಿನಲ್ಲೂ ಈಗ ಎಚ್ಚರ ಬೇಕು. 10 ಅಕ್ಟೋಬರ್ 2024 ರಿಂದ, ಜಿಎಸ್‌ಟಿ ನೋಂದಣಿಯಿಲ್ಲದ ಮಾಲೀಕರಿಂದ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಪಡೆದ ನೋಂದಾಯಿತ ವರ್ತಕನೇ ಶೇಕಡಾ 18 ರಷ್ಟು ತೆರಿಗೆಯನ್ನು ಹಿಮ್ಮುಖ ವಿಧಾನದಲ್ಲಿ ಕಟ್ಟಬೇಕಾಗಿದೆ. ರಾಜಿ ತೆರಿಗೆ ಪದ್ಧತಿಯವರನ್ನು 16 ಜನವರಿ 2025 ರಿಂದ ಇದರಿಂದ ಬಿಡಲಾಗಿದೆ. 30,000 ರೂಪಾಯಿ ಬಾಡಿಗೆಗೆ ಇದು ತಿಂಗಳಿಗೆ 5,400 ರೂಪಾಯಿ. ತೆರಿಗೆಗೊಳಪಟ್ಟ ಸರಕು ಮಾರುವವರು ಇದನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ತೆರಿಗೆ ವಿನಾಯಿತಿಯ ಸರಕಿಗೆ ಸಂಬಂಧಿಸಿದ ಭಾಗವನ್ನು ಹಿಂಪಡೆಯಲಾಗದು. "ನನಗೆ ಜಿಎಸ್‌ಟಿ ಇಲ್ಲ" ಎಂದು ಮಾಲೀಕರು ಹೇಳಿದ್ದು ನಿಜವೇ ಇರಬಹುದು. ಆದರೆ ಅದರ ಅರ್ಥ ನಿಮಗೆ ತೆರಿಗೆಯಿಲ್ಲವೆಂದಲ್ಲ.

ಎಲ್ಲಿಗೆ ಹೋಗಬೇಕು?

ವ್ಯಾಪಾರಕ್ಕೆಂದೇ ಬಳಕೆಯಲ್ಲಿರುವ ಸ್ಥಿರಾಸ್ತಿಯ ಕರಾರಿನಿಂದ ಉದ್ಭವಿಸುವ, 3 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ವ್ಯಾಜ್ಯ 2015 ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯಡಿ ಬರುತ್ತದೆ. ತುರ್ತು ಆದೇಶ ಬೇಡದಿದ್ದಲ್ಲಿ ದಾವೆಗೆ ಮುನ್ನ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2022 ರಲ್ಲಿ ತೀರ್ಪಿತ್ತಿದೆ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ನಡೆಯುವ ಈ ಮಧ್ಯಸ್ಥಿಕೆಗೆ ಮೂರು ತಿಂಗಳ ಅವಧಿ. ಒಪ್ಪಿಗೆಯ ಮೇಲೆ ಇನ್ನೆರಡು ತಿಂಗಳು. ಒಂದೇ ಊರಿನಲ್ಲಿ ಮುಖ ನೋಡಿಕೊಂಡು ಬಾಳಬೇಕಾದ ಮಾಲೀಕ–ಬಾಡಿಗೆದಾರರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯಿಲ್ಲ. ಆದರೆ ಮಧ್ಯಸ್ಥರ ಮುಂದೆಯೂ ಕೈಯಲ್ಲಿ ಕಾಗದವಿದ್ದವನ ಮಾತಿಗೆ ತೂಕ ಹೆಚ್ಚು. ಕನಿಷ್ಠ ಪಕ್ಷ ಮಾತುಕತೆಯ ದಿನವೇ "ನೀವು ಹೇಳಿದಂತೆ ಕೈಗಾರಿಕಾ ಸಂಪರ್ಕವಿದೆ ಎಂದು ನಂಬಿ ಮುಂಗಡ ಕೊಡುತ್ತಿದ್ದೇನೆ" ಎಂದು ಒಂದು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿದ್ದರೂ ಅದು ಸಾಕ್ಷ್ಯವಾಗಬಲ್ಲದು.

ಒಂದು ಸಲಹೆ

ಸಂಘದ ಸದಸ್ಯರಲ್ಲಿ ಬಾಡಿಗೆದಾರರಷ್ಟೇ ಅಲ್ಲ, ಮಳಿಗೆಗಳ ಮಾಲೀಕರೂ ಇದ್ದಾರೆ. ಅವರ ಅಳುಕು ನನಗೆ ಗೊತ್ತು: ಎಲ್ಲವನ್ನೂ ಬರೆದುಕೊಟ್ಟರೆ ನಾಳೆ ಅದನ್ನೇ ಹಿಡಿದು ಬಾಡಿಗೆದಾರ ಪೀಡಿಸಿಯಾನು. ನನ್ನ ಅನಿಸಿಕೆ ಇದಕ್ಕೆ ವಿರುದ್ಧ. ದೋಷವನ್ನು ಬರಹದಲ್ಲಿ ತಿಳಿಸಿದ ಮಾಲೀಕನ ವಿರುದ್ಧ ಮೌನದ ಆರೋಪ ನಿಲ್ಲುವುದಿಲ್ಲ. "ಮಳೆಗಾಲದಲ್ಲಿ ಹಿಂಬದಿಯ ಕೋಣೆಗೆ ನೀರು ಬರುತ್ತದೆ" ಎಂದು ಬರೆದ ಒಂದು ಸಾಲು ಮಾಲೀಕನಿಗೇ ದೊಡ್ಡ ರಕ್ಷಣೆ.

ಆದ್ದರಿಂದ ಸಂಘವು ಕನ್ನಡದಲ್ಲಿ ಒಂದು ಮಾದರಿ ಬಾಡಿಗೆ ಕರಾರನ್ನು ಸಿದ್ಧಪಡಿಸಿ, ಅದಕ್ಕೆ ಮಾಲೀಕರ ಹೇಳಿಕೆ ಎಂಬ ಒಂದು ಪುಟದ ಅನುಸೂಚಿಯನ್ನು ಸೇರಿಸಬೇಕೆಂದು ಕೋರುತ್ತೇನೆ. ಅದರಲ್ಲಿ ಏಳು ಪ್ರಶ್ನೆಗಳು ಸಾಕು. ಜಾಗದ ಭೂಪರಿವರ್ತನೆ ಆಗಿದೆಯೇ, ಯಾವ ಉದ್ದೇಶಕ್ಕೆ? ಖಾತೆ ಯಾರ ಹೆಸರಿನಲ್ಲಿದೆ? ವಿದ್ಯುತ್ ಸಂಪರ್ಕದ ವರ್ಗ ಮತ್ತು ಮಂಜೂರಾದ ಭಾರ ಎಷ್ಟು? ನೀರಿನ ಮೂಲ ಯಾವುದು? ಕಟ್ಟಡ ಅಡಮಾನದಲ್ಲಿದೆಯೇ? ಭೂಸ್ವಾಧೀನ, ರಸ್ತೆ ಅಗಲೀಕರಣ ಅಥವಾ ತೆರವಿನ ನೋಟೀಸು ಬಂದಿದೆಯೇ? ನೀರು ನುಗ್ಗಿದ್ದು, ಬಿರುಕು, ಹಿಂದಿನ ಬಾಡಿಗೆದಾರರೊಂದಿಗೆ ವ್ಯಾಜ್ಯ ಏನಾದರೂ ಇದೆಯೇ? ಪ್ರತಿಯೊಂದರ ಮುಂದೆ ಮಾಲೀಕರ ಉತ್ತರ, ಕೊನೆಯಲ್ಲಿ ಇಬ್ಬರ ಸಹಿ. ಹೇಳಿಕೆ ಸುಳ್ಳಾದರೆ ಮುಂಗಡವನ್ನು ಇಂತಿಷ್ಟು ದಿನಗಳಲ್ಲಿ ಹಿಂದಿರುಗಿಸಬೇಕೆಂಬ ಒಂದು ಷರತ್ತು.

ಈ ಪುಟವನ್ನು ತುಂಬಲು ಅರ್ಧ ಗಂಟೆ ಸಾಕು. ತುಂಬಲು ನಿರಾಕರಿಸುವ ಮಾಲೀಕರು ಸಿಕ್ಕರೆ ಅದೂ ಒಂದು ಉತ್ತರವೇ. ನನ್ನ ಕಚೇರಿಯಲ್ಲಂತೂ ಇತ್ತೀಚೆಗೆ ವಿದ್ಯುತ್ ಬಿಲ್ಲನ್ನು ಪೂರ್ತಿ ಓದದೆ ಯಾವ ಅರ್ಜಿಗೂ ಲಗತ್ತಿಸುವುದಿಲ್ಲ. ಗೂಡನ್ನು ಅದುಮಿ ನೋಡಿ ಕೊಳ್ಳುವ ನಮ್ಮ ವರ್ತಕ ಬಂಧುಗಳು ಗೋಡೆಯನ್ನೂ ಅದರ ಹಿಂದಿನ ಕಾಗದವನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿ ಮುಂಗಡ ಕೊಡುವಂತಾಗಲಿ.